ಗಾಜಿನಲ್ಲಿ ಕಂಡ ಗಿಡ್ಡ ಮುಳ್ಳು

ವರ್ಷಗಟ್ಟಲೆ ವೆಲ್ಡ್ ಪರೀಕ್ಷಿಸಿದ ನನಗೆ ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದ ಅಲೆ ಬಿಟ್ಟು ಲೋಹದೊಳಗಿನ ಬಿರುಕು ಹುಡುಕುವ ಪರೀಕ್ಷೆ) ಎಂದರೆ ಪರದೆಯ ಮೇಲೆ ಏಳುವ ಮುಳ್ಳು, ಅಷ್ಟೇ. ಮುಳ್ಳು ಎತ್ತರವಿದ್ದರೆ ದೋಷ; ಗಿಡ್ಡವಿದ್ದರೆ ಅಲೆ ಬಿಟ್ಟು ಮರುದನಿ ಹಿಡಿಯುವ ಪ್ರೋಬ್ ಮುಂದಕ್ಕೆ. ಈಗ ಹಾಸನದಲ್ಲಿ ಹುಡುಗರಿಗೆ ಪಾಠ ಹೇಳುವಾಗಲೂ ಹಲಗೆಯ ಮೇಲೆ ನೆಟ್ಟಗೊಂದು ಗೆರೆ ಎಳೆದು ‘ಅಲೆ ಹೀಗೆ ಹೋಗುತ್ತದೆ’ ಎನ್ನುತ್ತಿದ್ದೆ.

ಹೋದ ತಿಂಗಳು ಆ ಅಲೆಯನ್ನು ಕಣ್ಣಾರೆ ನೋಡಿದೆ.

ಒತ್ತಡ ಬಿದ್ದ ಗಾಜು ತನ್ನ ಮೂಲಕ ಹಾಯುವ ಬೆಳಕಿನ ಧ್ರುವೀಕರಣವನ್ನು, ಅಂದರೆ ಅದು ಕಂಪಿಸುವ ದಿಕ್ಕನ್ನು, ಬದಲಿಸುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಇದನ್ನು 1815ರ ಸುಮಾರಿಗೇ ಕಂಡಿದ್ದ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ ಎರಡನ್ನು ಒಂದಕ್ಕೊಂದು ಅಡ್ಡ ಹಿಡಿದರೆ ಅವುಗಳ ನಡುವೆ ಸುಮ್ಮನಿರುವ ಗಾಜು ಕಪ್ಪು, ಒತ್ತಡವಿರುವ ಕಡೆ ಬೆಳಕು. ಅಲ್ಟ್ರಾಸಾನಿಕ್ ಅಲೆಯೂ ಓಡುವ ಒತ್ತಡವೇ ತಾನೆ?

ಕೆಟ್ಟ ಮಾನಿಟರ್ ಬಿಚ್ಚಿ ಪೋಲರಾಯ್ಡ್ ತೆಗೆದೆ. ಬಿ.ಎಂ. ರಸ್ತೆಯ ಅಂಗಡಿಯಲ್ಲಿ 19 ಮಿ.ಮೀ. ದಪ್ಪದ ‘ಗಟ್ಟಿ ಗಾಜು’ ಕೇಳಿದ್ದು ನನ್ನದೇ ದಡ್ಡತನ. ಅಂಗಡಿಯವನು ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು, ಕೊಟ್ಟ. ಅಲೆ ಬಿಡುವ ಮೊದಲೇ ಅದರ ತುಂಬ ಮೋಡದಂಥ ಮಚ್ಚೆಗಳು! ಹದ ಮಾಡುವಾಗ ಒಳಗೇ ಉಳಿದ ಒತ್ತಡ ಅದು. ಮತ್ತೆ ಹೋಗಿ ಸಾದಾ ಗಾಜು ತಂದೆ.

ಓಡುವ ಅಲೆ ನಿಂತಂತೆ ಕಾಣಬೇಕಾದರೆ ಪ್ರೋಬ್ ಮಿಡಿದ 10 ಮೈಕ್ರೊಸೆಕೆಂಡಿಗೆ ಎಲ್‌ಇಡಿ ಒಮ್ಮೆ ಮಿನುಗಬೇಕು, ಅದೂ 100 ನ್ಯಾನೊಸೆಕೆಂಡು ಮಾತ್ರ. ಅಷ್ಟರಲ್ಲೇ ಅಲೆ ಅರ್ಧ ಮಿಲಿಮೀಟರ್ ಸರಿದಿರುತ್ತದೆ. ಒಂದು ಮಿನುಗಿನ ಬೆಳಕು ಯಾತಕ್ಕೂ ಸಾಲದು. ಸೆಕೆಂಡಿಗೆ 500 ಸಲ ಅದನ್ನೇ ಮಾಡಿಸಿ ಕ್ಯಾಮೆರಾ ತೆರೆದಿಟ್ಟೆ. ಕಪ್ಪಿನೊಳಗೆ ಬೆಳ್ಳನೆಯ ಕಮಾನುಗಳು. 2 ಮೆಗಾಹರ್ಟ್ಸ್‌ನ ಅನುದೈರ್ಘ್ಯ ಅಲೆ (ಗಾಜನ್ನು ತಾನು ಸಾಗುವ ದಿಕ್ಕಿನಲ್ಲೇ ಹಿಂದೆಮುಂದೆ ಅಲುಗಿಸುವಂಥದ್ದು) 57 ಮಿ.ಮೀ. ದೂರದಲ್ಲಿತ್ತು. ಅಡ್ಡಕ್ಕೆ ಅಲುಗಿಸುವ ಅಡ್ಡ ಅಲೆಯ ಪ್ರೋಬ್ ಇಟ್ಟಾಗ ಅಷ್ಟೇ ಹೊತ್ತಿಗೆ 34. ಅಡ್ಡ ಅಲೆ ತೆಳು ದ್ರವದಲ್ಲಿ ದಾಟದು, ಪ್ರೋಬಿನ ಕೆಳಗೆ ಸವರುವ ಮಾಮೂಲಿ ಜೆಲ್ ನಡೆಯದು, ಅದಕ್ಕೆ ಜೇನುತುಪ್ಪ ಸವರಿದ್ದೆ. ಸಕಲೇಶಪುರದಿಂದ ತಂದಿಟ್ಟಿದ್ದ ಬಾಟಲಿ ಕಾಣದಾದಾಗ ಅಮ್ಮ ಕೇಳಿದಳು: “ಗಾಜಿಗೂ ಕೆಮ್ಮು ಬಂತೇನೋ?”

ನನ್ನ ನೆಟ್ಟಗಿನ ಗೆರೆ ಎಲ್ಲೂ ಇರಲಿಲ್ಲ. ಅಲೆಯನ್ನು ಓರೆಯಾಗಿ ಬಿಡುವ ಕೋನದ ಪ್ರೋಬ್ ಇಟ್ಟರೂ ಅಲೆ ಬೀಸಣಿಗೆಯಂತೆ ಹರಡಿ, ಪಕ್ಕಕ್ಕೂ ಚೂರುಪಾರು ಚೆಲ್ಲುತ್ತಿತ್ತು. ಗಾಜಿನ ಕೆಳ ಅಂಚಿನಿಂದ ವಜ್ರದ ಗರಗಸದಲ್ಲಿ ಒಂದು ಸೀಳು ಕೊಯ್ದಿದ್ದೆ, ಬಿರುಕಿನ ಬದಲಿಗೆ. ಅಲೆ ಅದಕ್ಕೆ ಬಡಿಯಿತು. ಬುಡದ ಮೂಲೆಯಿಂದ ದಪ್ಪ ಕಮಾನು ಹಿಂದಿರುಗಿತು, ಅದು ಗೊತ್ತಿದ್ದದ್ದೇ. ಆದರೆ ಸೀಳಿನ ತುದಿಯಿಂದಲೂ ಕೆರೆಗೆ ಹರಳು ಹಾಕಿದಂತೆ ತೆಳುವಾದ ಉಂಗುರವೊಂದು ಎದ್ದು, ದಪ್ಪ ಕಮಾನಿಗಿಂತ ಮುಂದಾಗಿ ಪ್ರೋಬಿನ ಕಡೆ ಹೊರಟಿತ್ತು.

ಮರುದಿನ ಅಟ್ಟದಲ್ಲಿದ್ದ ಹಳೆಯ ವೆಲ್ಡ್ ತುಂಡು ಇಳಿಸಿ ಪ್ರೋಬ್ ಇಟ್ಟು, ಮರುದನಿಯನ್ನು ಹಿಗ್ಗಿಸುವ ಗೇನ್ ಏರಿಸಿದೆ. ದೊಡ್ಡ ಮುಳ್ಳಿನ ಎಡಕ್ಕೆ, ಅಂದರೆ ಅದಕ್ಕಿಂತ ಮೊದಲು, ಗಿಡ್ಡದೊಂದು ಇತ್ತು: ಬಿರುಕಿನ ತುದಿಯ ಮರುದನಿ. ಇಷ್ಟು ವರ್ಷ ಕಸವೆಂದು ಬಿಟ್ಟದ್ದು ಅದನ್ನೇ. ಎರಡರ ನಡುವಿನ ಸಮಯದಿಂದ ಲೆಕ್ಕ ಹಾಕಿದರೆ ಬಿರುಕಿನ ಎತ್ತರ 4 ಮಿ.ಮೀ. ಬಂತು. ತುಂಡನ್ನು ಕೊಯ್ಯಿಸಿ ಅಳೆದೆ. ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ.