ಸ್ಪ್ರಿಂಗಿನೊಳಗಿನ ಸಮುದ್ರ

ಇವತ್ತು ಕಸ ಗುಡಿಸುವಾಗ ಹಳೇ ಗಿಟಾರ್ ಆಂಪ್‌ಗೆ ಕಾಲು ತಾಗಿತು. ಆನ್ ಇದೆ ಅಂತ ಗೊತ್ತಿರಲಿಲ್ಲ.
ಒಳಗಿಂದ ಧಡಾರ್... ಶ್ಶ್‌ಶ್... ಬಂಡೆಗೆ ಅಲೆ ಬಡಿದ ಹಾಗೆ. ಪೊರಕೆ ಹಿಡ್ಕೊಂಡೇ ನಿಂತೆ.

ಅದರ ಹೊಟ್ಟೆಯಲ್ಲಿರೋದು ಸ್ಪ್ರಿಂಗ್ ರಿವರ್ಬ್, ದನಿಗೆ ಪ್ರತಿಧ್ವನಿ ಸೇರಿಸೋ ಸಾಧನ: ಒಂದು ತಗಡಿನ ತಟ್ಟೆ, ಎರಡು ತೆಳ್ಳನೆ ಸ್ಪ್ರಿಂಗು. ಅಷ್ಟೇ. ಗಿಟಾರ್ ತಂತಿಯ ದನಿ ಸ್ಪ್ರಿಂಗಿನ ಈ ತುದಿಯಿಂದ ಹೊರಟು, ಆ ತುದಿಗೆ ಬಡಿದು, ವಾಪಸ್ ಬಂದು, ಮತ್ತೆ ಹೋಗಿ... ಒದ್ದೆಯಾಗಿಬಿಡುತ್ತೆ. 1961ರಲ್ಲಿ ಗಿಟಾರ್ ಕಂಪನಿ ಫೆಂಡರ್‌ನವರು ಇದನ್ನೇ ಬೇರೆ ಪೆಟ್ಟಿಗೆ ಮಾಡಿ ಮಾರಿದ್ರು. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ (ಅಲೆ ಸವಾರಿಯ) ಸಂಗೀತ ನುಡಿಸೋ ಬ್ಯಾಂಡ್‌ಗಳಿಗೆ ಹಬ್ಬ.

ಕಸ ಅಲ್ಲೇ ಬಿಟ್ಟು ದಿ ಸ್ಯಾಂಡಲ್ಸ್ ಅನ್ನೋ ಸರ್ಫ್ ಬ್ಯಾಂಡಿನ ಟ್ಯೂನ್ ಹಾಕ್ಕೊಂಡು ಕೂತೆ. 'ದಿ ಎಂಡ್‌ಲೆಸ್ ಸಮ್ಮರ್' ಅನ್ನೋ ಸರ್ಫಿಂಗ್ ಸಿನಿಮಾಗೆ ಸಂಗೀತ ಕೊಟ್ಟ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ಊರಿನ ಹುಡುಗರು. ಅಬ್ಬರದ ಸರ್ಫ್ ಗಿಟಾರಿಸ್ಟ್ ಡಿಕ್ ಡೇಲ್ ಥರ ಮೈಮೇಲೆ ಬೀಳಲ್ಲ ಇವರು. ಆ ಸಿನಿಮಾದ ಥೀಮ್ ಟ್ಯೂನ್‌ನಲ್ಲಿ ಮಾತೇ ಇಲ್ಲ. ಗಿಟಾರು, ಜೊತೆಗೆ ಬಾಯಲ್ಲಿ ಊದಿ ಕೀಲಿಮಣೆ ಒತ್ತಿ ನುಡಿಸೋ ಮೆಲೋಡಿಕಾ. ಇಳಿಬಿಸಿಲಲ್ಲಿ ಬೋರ್ಡು ಕಂಕುಳಲ್ಲಿಟ್ಟುಕೊಂಡು ಯಾರೋ ಮನೆಗೆ ಹೊರಟ ಹಾಗೆ.

ನಮ್ಮನೆಯಿಂದ ಸಮುದ್ರ ಒಂದು ರಾತ್ರಿ ಬಸ್ಸಿನಷ್ಟು ದೂರ. ಆಂಪಿಗೆ ಬೇಕಂತಲೇ ಇನ್ನೊಂದು ಸಲ ಒದ್ದೆ.
"ಏನ್ ಬಿತ್ತಪ್ಪಾ?" ಅಂತ ಕೆಳಗಿನ ಮನೆ ಆಂಟಿ ಕೂಗಿದ್ರು.
ಅಲೆ ಆಂಟಿ, ಅನ್ನೋಕೆ ಧೈರ್ಯ ಬರಲಿಲ್ಲ.