ಸಮಿತಿಯಲ್ಲಿ ಬೀದಿಯವರೆಷ್ಟು? ಬಾಸ್ಟನ್‌ನಿಂದ ಮೈಸೂರಿನ ಬಡಾವಣೆಗಳಿಗೆ

ಮೈಸೂರಿನಲ್ಲಿ ಬಡಾವಣೆ ಸಂಘ ಕಟ್ಟಲು ಹೊರಟವರ ಮೊದಲ ಮಾತು, ದುಡ್ಡು ಎಲ್ಲಿಂದ ತರೋದು ಅಂತ. ಅಮೆರಿಕದ ಬಾಸ್ಟನ್ ನಗರದ ರಾಕ್ಸ್‌ಬರಿ ಬಡಾವಣೆಯವರು ಮೊದಲು ಕೇಳಿದ್ದು, ಸಮಿತಿಯಲ್ಲಿ ನಮ್ಮವರು ಎಷ್ಟು ಜನ ಅಂತ.

1980ರ ದಶಕದಲ್ಲಿ ಅಲ್ಲಿನ ಡಡ್ಲಿ ಸ್ಟ್ರೀಟ್ ಸುತ್ತ 1,300ರಷ್ಟು ಸೈಟುಗಳು ಪಾಳುಬಿದ್ದಿದ್ದವು. ಹೊರಗಿನವರು ಕಸ ತಂದು ಸುರಿದು ಹೋಗುತ್ತಿದ್ದರು. 1984ರಲ್ಲಿ ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್ ಎಂಬ ಬಡಾವಣೆ ಸಂಘ ಶುರುವಾದಾಗ, ಸಮಿತಿಯ ಮೊದಲ ಕರಡಿನ 23 ಸ್ಥಾನಗಳಲ್ಲಿ ನಿವಾಸಿಗಳಿಗೆ ಸಿಕ್ಕಿದ್ದು ನಾಲ್ಕೇ. ಜನ ಸಭೆಯಲ್ಲೇ ತಕರಾರು ತೆಗೆದರು, ಬಹುಮತ ನಿವಾಸಿಗಳ ಕೈಗೆ ಬಂತು. 1986ರಲ್ಲಿ ಕೈಗೆತ್ತಿಕೊಂಡ ಮೊದಲ ಕೆಲಸ ಮನೆ ಕಟ್ಟುವುದಲ್ಲ, ಕಸ ಸುರಿಯುವುದನ್ನು ನಿಲ್ಲಿಸುವುದು. ಕಣ್ಣಿಗೆ ಕಾಣುವ ಒಂದು ಕೆಲಸ ಗೆದ್ದರೆ ಮುಂದಿನ ಸಭೆಗೆ ಜನ ತಾವಾಗಿ ಬರುತ್ತಾರೆ. ಎರಡೇ ವರ್ಷದಲ್ಲಿ, 1988ರಲ್ಲಿ, ಖಾಲಿ ಜಾಗವನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವೇ ಅವರಿಗೆ ಸಿಕ್ಕಿತು. ಆ ನೆಲ ಇಂದಿಗೂ ಸಂಘ ಕಟ್ಟಿದ ಭೂ ಟ್ರಸ್ಟಿನದು. ಮನೆ ಮಾತ್ರ ಕೊಂಡವರದು, ನೆಲ 99 ವರ್ಷದ ಗುತ್ತಿಗೆ. ಹಾಗಾಗಿ ಮನೆ ಮಾರುವಾಗ ಮನಸ್ಸಿಗೆ ಬಂದಷ್ಟು ಬೆಲೆ ಏರಿಸುವಂತಿಲ್ಲ.

ನಮ್ಮಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಎಡವುವುದು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ. ಸೈಟಿನ ಮಾಲೀಕರಿಗೆ ಮಾತ್ರ ಸದಸ್ಯತ್ವ ಎಂದು ಬರೆದುಬಿಟ್ಟರೆ ಬಾಡಿಗೆಯವರು, ಹಿಂದಿನ ಬೀದಿಯ ವಠಾರದವರು ಮೊದಲ ದಿನವೇ ಹೊರಗೆ. ಬೈಲಾ ಬರೆಯುವ ಮುಂಚೆ ಪ್ರತಿ ಕ್ರಾಸಿನಲ್ಲೂ ಹತ್ತು ಮನೆಯ ಬಾಗಿಲು ತಟ್ಟಿ, ಬಾಡಿಗೆ ಮನೆಗಳನ್ನೂ ತಟ್ಟದೆ ಬಿಡಬೇಡಿ. "ಏನು ಬೇಕು" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಈ ಬೀದೀಲಿ ನಿಮಗೆ ದಿನಾ ತೊಂದರೆ ಕೊಡೋದು ಏನಮ್ಮಾ" ಎಂದು ಕೇಳಿ. ನೀರು ಬರುವ ಹೊತ್ತು, ಬೀದಿ ದೀಪ, ಮೋರಿ, ಒಂದೊಂದೂ ಹೊರಗೆ ಬರುತ್ತದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಭೆ ಇಟ್ಟರೆ ನಿವೃತ್ತರು ಮಾತ್ರ ಸಿಗುತ್ತಾರೆ. ಮನೆಗೆಲಸಕ್ಕೆ ಹೋಗುವವರಿಗೆ ಸಂಜೆ ಏಳೇ ಸರಿ, ಅದೂ ಎಲ್ಲರೂ ಹೆಜ್ಜೆ ಇಡಬಹುದಾದ ಜಾಗದಲ್ಲಿ. ಪಾರ್ಕೋ ಶಾಲೆಯೋ ಆಗಲಿ. ಮೊದಲ ಮಾತು ಹೆಂಗಸರದು ಎಂದು ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಮೈಕು ಮೂರೇ ಜನರ ಕೈಯಲ್ಲಿ ಸುತ್ತುತ್ತದೆ.

ಸಂಘಗಳು ಸೊರಗುವುದು ದುಡ್ಡಿಲ್ಲದೆ ಅಲ್ಲ, ಉತ್ತರವಿಲ್ಲದೆ. ನಡಾವಳಿ ಪುಸ್ತಕದ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ದೂರು, ಯಾರ ಹೊಣೆ, ಪಾಲಿಕೆಗೆ ಕೊಟ್ಟ ಅರ್ಜಿಯ ಸಂಖ್ಯೆ, ತಾರೀಕು. ಆಗದೇ ಉಳಿದದ್ದನ್ನೂ ಬರೆಯಿರಿ, ಕಾರಣದ ಸಮೇತ. ತಿಂಗಳಿಗೊಮ್ಮೆ ಅದೇ ಹಾಳೆಯ ಜೆರಾಕ್ಸ್ ಪಾರ್ಕಿನ ಗೇಟಿಗೆ ಅಂಟಿಸಿ, ಓದಲು ಬಾರದವರಿಗೆ ಮುಂದಿನ ಸಭೆಯಲ್ಲಿ ಓದಿ ಹೇಳಿ.