ಗುಂಡಾದ ಕೋಶಗಳು, ಅಪ್ಪನ ರಾತ್ರಿ ಮಾತ್ರೆ

ಮೊನ್ನೆ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದೆ. ಕಳಿಸಬಾರದಿತ್ತು. ಮೊದಲನೆಯದರಲ್ಲಿ ಇಲಿಯ ಫೈಬ್ರೊಬ್ಲಾಸ್ಟ್ (ಅಂಗಾಂಶಗಳನ್ನು ಹಿಡಿದಿಡುವ) ಕೋಶಗಳು ಪ್ಲೇಟಿನ ತಳಕ್ಕೆ ಅಂಟಿಕೊಂಡು ಚೆನ್ನಾಗಿ ಹರಡಿಕೊಂಡಿವೆ. ಎರಡನೆಯದರಲ್ಲಿ ಅದೇ ಕೋಶಗಳು ನೆನೆಸಿಟ್ಟ ಸಬ್ಬಕ್ಕಿ ಥರ ಗುಂಡಗಾಗಿವೆ. ಕೆಳಗೆ ಹೆಮ್ಮೆಯಿಂದ ಬರೆದೆ: "ಇದು ನಿಮ್ಮ ಕೊಲೆಸ್ಟ್ರಾಲ್ ಮಾತ್ರೆಯ ಅಜ್ಜನ ಕೆಲಸ."

ಎರಡೇ ನಿಮಿಷಕ್ಕೆ ಫೋನ್ ಬಂತು. "ನನ್ನ ಒಳಗೂ ಹೀಗೇ ಆಗ್ತಿದೆಯೇನೋ?"

ಆ ಅಜ್ಜನ ಹೆಸರು ಕಂಪ್ಯಾಕ್ಟಿನ್. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಎಂಬ ಔಷಧಿಗಳಲ್ಲಿ ಮೊದಲು ಸಿಕ್ಕಿದ್ದು ಇದೇ. ನಮ್ಮ ಲ್ಯಾಬಿನ ಬಾಟಲಿಯ ಮೇಲೆ ಮೆವಾಸ್ಟಾಟಿನ್ ಅಂತ ಇದೆ, ಎರಡೂ ಒಂದೇ. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಟೋಕಿಯೋದ ಸಾಂಕ್ಯೋ ಕಂಪನಿಯಲ್ಲಿದ್ದ ಅಕಿರಾ ಎಂಡೊ ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರಲ್ಲಿ ಇದನ್ನು ಬೇರ್ಪಡಿಸಿದರು. ಸಿಕ್ಕಿದ್ದು ಕ್ಯೋಟೋದ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಿಂದ! ನಮ್ಮಮ್ಮ ಆಗಿದ್ದರೆ ಡಬ್ಬದ ಸಮೇತ ಹೊರಗೆ ಎಸೆಯುತ್ತಿದ್ದರು.

ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಎಂಡೊ ಬಿಡಲಿಲ್ಲ, ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟು ನೋಡಿದರು. ಮೊಟ್ಟೆಯಲ್ಲಿ ಅಷ್ಟೊಂದು ಕೊಲೆಸ್ಟ್ರಾಲ್ ಇರುತ್ತೆ ಅಲ್ವಾ, ಕೋಳಿ ಅದನ್ನು ಜಾಸ್ತಿ ತಯಾರಿಸಲೇಬೇಕು. ಕೋಳಿಗಳಲ್ಲಿ ಇಳಿಯಿತು. ಆಮೇಲೆ ಕೆಲವು ರೋಗಿಗಳಲ್ಲೂ ಇಳಿಯಿತು. ಆದರೂ 1980ರಲ್ಲಿ ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಸಂಶಯ ಎದ್ದು ಕಂಪನಿ ಇದನ್ನು ಕೈಬಿಟ್ಟಿತು. ಇದರ ತಮ್ಮನಂಥ ಲೊವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್.

ಇನ್ನು ನನ್ನ ಪೆದ್ದುತನ. ಮೊದಲ ಸಲ ಕಂಪ್ಯಾಕ್ಟಿನ್ ಹಾಕಿ ಕೋಶಗಳು ಗುಂಡಗಾದಾಗ ಕಂಟ್ಯಾಮಿನೇಷನ್, ಅಂದರೆ ಬೇರೆ ಸೂಕ್ಷ್ಮಜೀವಿ ಸೇರಿಕೊಂಡಿದೆ ಅಂದುಕೊಂಡು ಇಡೀ ಪ್ಲೇಟಿಗೆ ಬ್ಲೀಚ್ ಸುರಿದು ಬಿಸಾಡಿದ್ದೆ. ಸೀನಿಯರ್ ಅಕ್ಕ ತಲೆ ಚಚ್ಚಿಕೊಂಡರು. "ಮೆವಲೊನೇಟ್ ಹಾಕಿ ನೋಡಿದ್ಯಾ?" ಇಲ್ಲ. ಆ ಯೋಚನೆಯೇ ಬಂದಿರಲಿಲ್ಲ.

ಕೋಶ ಕೊಲೆಸ್ಟ್ರಾಲ್ ಮಾಡುವ ದಾರಿಯಲ್ಲಿ ಬಹಳ ಮೊದಲೇ ಮೆವಲೊನೇಟ್ ಅನ್ನೋ ವಸ್ತು ಬರುತ್ತೆ. ಅದನ್ನು ತಯಾರಿಸುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವವನ್ನು ಕಂಪ್ಯಾಕ್ಟಿನ್ ತಡೆಯುತ್ತದೆ. ಹೊಲಕ್ಕೆ ಹೋಗುವ ಕಾಲುವೆಯನ್ನು ತೂಬಿನಲ್ಲೇ ಮುಚ್ಚಿದ ಹಾಗೆ. ಕೊಲೆಸ್ಟ್ರಾಲ್ ಗದ್ದೆಗೆ ಮಾತ್ರ ಅಲ್ಲ, ಪಕ್ಕದ ಗದ್ದೆಗಳಿಗೂ ನೀರು ನಿಲ್ಲುತ್ತೆ. ಅಂಥ ಒಂದು ಗದ್ದೆಯಲ್ಲಿ 20 ಕಾರ್ಬನ್‌ನ ಒಂದು ಉದ್ದ ಬಾಲ ತಯಾರಾಗುತ್ತದೆ. ರೋ ಎಂಬ ಪ್ರೋಟೀನ್ ಆ ಬಾಲವನ್ನು ಪೊರೆಗೆ ಚುಚ್ಚಿಕೊಂಡು ಕೂತರೆ ಮಾತ್ರ ಕೋಶದ ಒಳಗಿನ ಆಕ್ಟಿನ್ ಎಳೆಗಳು ಬಿಗಿಯಾಗಿ ನಿಲ್ಲುವುದು. ಬಾಲ ಇಲ್ಲದಿದ್ದರೆ ಎಳೆಗಳು ಸಡಿಲ. ಕೋಶ ಮುದುರಿ ಗುಂಡಾಗುತ್ತೆ.

ಎರಡನೇ ಸಲ ಹೊಸ ಪ್ಲೇಟಿನಲ್ಲಿ ಮೂರು ವೆಲ್ (ಪ್ಲೇಟಿನ ಪುಟ್ಟ ಗುಳಿಗಳು) ಇಟ್ಟೆ. ಮೂರಕ್ಕೂ 10 ಮೈಕ್ರೋಮೋಲಾರ್ (ದ್ರಾವಣ ಎಷ್ಟು ಗಾಢ ಅನ್ನೋದರ ಅಳತೆ) ಕಂಪ್ಯಾಕ್ಟಿನ್. ಎರಡನೆಯದಕ್ಕೆ ಕೊಲೆಸ್ಟ್ರಾಲ್ ಸೇರಿಸಿದೆ, ಮೂರನೆಯದಕ್ಕೆ ಮೆವಲೊನೇಟ್. ಎರಡು ದಿನ ಬಿಟ್ಟು ನೋಡಿದರೆ ಕೊಲೆಸ್ಟ್ರಾಲ್ ಕೊಟ್ಟವೂ ಸಬ್ಬಕ್ಕಿಯೇ. ಮೆವಲೊನೇಟ್ ಕುಡಿದವು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಹರಡಿಕೊಂಡು ಮಲಗಿದ್ದವು. ಸುಮ್ನೆ ಹೇಳ್ತಿಲ್ಲ, ಮೈಕ್ರೋಸ್ಕೋಪಿನಿಂದ ಏಳಲು ಮನಸ್ಸೇ ಬರಲಿಲ್ಲ. ಕೊಲೆಸ್ಟ್ರಾಲ್ ಇಳಿಸುವ ವಸ್ತು ಮಾಡಿದ ಗಾಯ, ಕೊಲೆಸ್ಟ್ರಾಲ್ ಕೊಟ್ಟರೂ ವಾಸಿಯಾಗಲಿಲ್ಲ!

ಕೋಶಗಳು ಸುಲಭಕ್ಕೆ ಸೋಲುವುದೂ ಇಲ್ಲ. ಕಿಣ್ವ ತಡೆದರೆ ಇನ್ನಷ್ಟು ಕಿಣ್ವ ಮಾಡುತ್ತವೆ. ಕೊಲೆಸ್ಟ್ರಾಲ್ ಸಂಶೋಧನೆಗೆ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ತಂಡ ಹ್ಯಾಮ್‌ಸ್ಟರ್ ಕೋಶಗಳಿಗೆ ಕಂಪ್ಯಾಕ್ಟಿನ್ ಅನ್ನು ಮೆಲ್ಲಗೆ 40 ಮೈಕ್ರೋಮೋಲಾರ್ ತನಕ ಅಭ್ಯಾಸ ಮಾಡಿಸಿತ್ತು. ಆ ಯುಟಿ-1 ಕೋಶಗಳಲ್ಲಿ ಆ ಕಿಣ್ವ ಮಾಮೂಲಿಗಿಂತ ಸುಮಾರು 500 ಪಟ್ಟು! ಅಷ್ಟನ್ನು ಇಟ್ಟುಕೊಳ್ಳಲು ಒಳಗೆ ಹರಳಿನಂಥ ಪೊರೆಯ ಕೊಳವೆಗಳೇ ಬೆಳೆದಿದ್ದವು.

ಅಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. "ನಿಮ್ಮ ಮಾತ್ರೆಯನ್ನು ಹೆಚ್ಚಾಗಿ ಲಿವರ್ರೇ ಹಿಡಿದುಕೊಳ್ಳುತ್ತೆ" ಅಂದೆ. ಅಲ್ಲಿ ಕೊಲೆಸ್ಟ್ರಾಲ್ ಕಮ್ಮಿಯಾದಾಗ ಲಿವರ್ ಕೋಶಗಳು ಎಲ್‌ಡಿಎಲ್ ("ಕೆಟ್ಟ ಕೊಲೆಸ್ಟ್ರಾಲ್") ಹಿಡಿಯುವ ಕೈಗಳನ್ನು ಜಾಸ್ತಿ ಮಾಡಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತವೆ. ಬೇಕಾಗಿರುವುದು ಅದೇ. ರಕ್ತದಲ್ಲಿ ಉಳಿಯುವ ಔಷಧಿ ನ್ಯಾನೋಮೋಲಾರ್ ಲೆಕ್ಕದ್ದು. ನಾನು ಪ್ಲೇಟಿಗೆ ಸುರಿದದ್ದು 10 ಮೈಕ್ರೋಮೋಲಾರ್, ಅಂದರೆ 10,000 ನ್ಯಾನೋಮೋಲಾರ್, ಅದೂ ಎರಡು ದಿನ ಪೂರ್ತಿ ಅದರಲ್ಲೇ ಮುಳುಗಿಸಿ. "ಮೈಕೈ ನೋವು ಬಂದರೆ ಮಾತ್ರ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ" ಅಂತಲೂ ಸೇರಿಸಿದೆ.

"ಅಂದ್ರೆ ಪಾಪದ ಕೋಶಗಳನ್ನ ಡ್ರಮ್ಮಿಗೆ ಹಾಕಿ ಮುಳುಗಿಸಿದ್ಯಾ" ಅಂದರು.

"ಇವತ್ತು ಮಾತ್ರೆ ತಗೊಂಡ್ರಾ?"

"ತಗೊಂಡೆ. ಊಟಕ್ಕೆ ಒಬ್ಬಟ್ಟು ಇತ್ತು, ಎರಡೇ ತಿಂದೆ."

ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ನಾಲ್ಕು."